ಧಾರಾವಾಹಿಯ ಹುಡುಗಿಗೆ ಬೈದ ದಿನಗಳು

ಆ ಹುಡುಗಿಯ ಕಥೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಿಜವಾದ ಹುಡುಗಿಯಲ್ಲ, ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಧಾರಾವಾಹಿಯ ನಾಯಕಿ. ಕಥೆ ನಡೆಯುತ್ತಿದ್ದದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ಆ ಬೆಂಗಳೂರಿನ ಸಿಗ್ನಲ್ ಕಂಬಗಳಲ್ಲಿ ಭೂತಗಳಿದ್ದವು, ವೃಷಭಾವತಿಯ ಕಪ್ಪು ನೀರಿನೊಳಗೆ ಹೆಡೆಯಿರುವ ಹೆಂಗಸೊಬ್ಬಳಿದ್ದಳು, ಟ್ರಾನ್ಸ್‌ಫಾರ್ಮರ್‌ಗಳ ಒಳಗಿಂದ ಸತ್ತವರು ಮಾತಾಡುತ್ತಿದ್ದರು. ಕಾಲ್ ಸೆಂಟರ್ ಕೆಲಸದ ನಾಯಕಿಗೆ ಒಂದು ದಿನ ಬಸ್ಸಿನಲ್ಲಿ ನಿಂತಿದ್ದಾಗ ಅಂಗೈಯಿಂದ ಬೆಂಕಿ ಬರುತ್ತದೆ. ಬಂತು, ಸರಿ. ಅದನ್ನು ಹತೋಟಿಯಲ್ಲಿಡುವುದು ಹೇಗೆಂದು ಕಲಿಯಬೇಕೋ ಬೇಡವೋ? ಮಂತ್ರ ಬಲ್ಲ ಅಜ್ಜಿಯೊಬ್ಬಳು ಕಥೆಯಲ್ಲೇ ಇದ್ದಳು, ಆದರೂ ಇವಳು ಕಲಿಯುತ್ತಲೇ ಇರಲಿಲ್ಲ. ವಾರವಾರವೂ ಹೊಸ ಪಿಶಾಚಿಯೊಂದು ಬರುವುದು, ಇವಳು ಕಣ್ಣು ಮುಚ್ಚಿ ಕೈ ಚಾಚುವುದು, ಯಾರದೋ ಅಂಗಡಿ ಸುಟ್ಟುಹೋಗುವುದು, ಇವಳು ಹೇಗೋ ಬದುಕುವುದು. ಹೋದ ವಾರದ ಪಿಶಾಚಿ ಏನಾಯಿತೆಂದು ಬರೆದವರಿಗೂ ನೆನಪಿರುತ್ತಿರಲಿಲ್ಲ.

ಅದನ್ನು ನನಗೆ ಓದಿ ಹೇಳುತ್ತಿದ್ದವಳು ನನ್ನ ತಂಗಿ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಕಥೆಯ ರುಚಿ ಹೋಗಿಬಿಡುತ್ತಿತ್ತು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಅಮ್ಮ ಗಾರ್ಮೆಂಟ್ಸ್‌ಗೆ ಹೊರಟ ಮೇಲೆ ನಾವಿಬ್ಬರೇ. ನಾನು ಬ್ಲೌಸ್ ಕತ್ತರಿಸಿ ಹೊಲಿಯುತ್ತಿದ್ದೆ, ತಂಗಿ ಹುಕ್ಸ್ ಹಾಕಿ ಹೆಮ್ಮಿಂಗ್ ಮಾಡುತ್ತಿದ್ದಳು. ಮಧ್ಯಾಹ್ನ ಕರೆಂಟ್ ಹೋದಾಗ ಬಾಗಿಲ ಬೆಳಕಿಗೆ ಪತ್ರಿಕೆ ಹಿಡಿದು ಕೂರುತ್ತಿದ್ದಳು.

"ಮುಚ್ಚೇ ಸಾಕು," ಎನ್ನುತ್ತಿದ್ದೆ ನಾನು. "ಇವಳಿಗೇನು ಕಲಿಯೋಕೆ ರೋಗ? ನಾನು ಇವಳ ಥರ ಕಣ್ಮುಚ್ಕೊಂಡು ಕತ್ತರಿ ಹಿಡಿದಿದ್ರೆ ಅರ್ಧ ಏರಿಯಾದೋರು ಬ್ಲೌಸ್ ಇಲ್ದೆ ಓಡಾಡ್ಬೇಕಿತ್ತು."

"ಅಯ್ಯೋ, ಕಥೆ ಕಣಕ್ಕ ಇದು. ನಿನ್ನ ಕಸ್ಟಮರ್ ಅಲ್ಲ."

ಹಾಗೆ ಬೈಯುವ ಹಕ್ಕು ನನಗಿದೆ ಎಂದುಕೊಂಡಿದ್ದೆ. ರಾಜಾಜಿನಗರದ ಟೈಲರ್ ಒಬ್ಬರ ಬಳಿ ಹುಕ್ಸ್ ಹಾಕುತ್ತಲೇ ವರ್ಷಗಳನ್ನು ಕಳೆದು, ಬೈಸಿಕೊಂಡು, ಕೊನೆಗೆ ಕತ್ತರಿ ಹಿಡಿದವಳು ನಾನು. ನಮ್ಮ ಕೆಲಸದಲ್ಲಿ ಪದ್ಧತಿಯೇ ಹಾಗೆ. ಕಟಿಂಗ್ ಮೇಜು ಮಾಸ್ಟರ್‌ದು, ಉಳಿದದ್ದು ಕಲಿಯುವವರದ್ದು. ಆದರೆ ನನ್ನ ಮಾಸ್ಟರ್ ಒಂದು ದಿನ ನನ್ನನ್ನು ಆ ಮೇಜಿಗೆ ಕರೆದಿದ್ದರು. ನಾನು ತಂಗಿಯನ್ನು ಕರೆದಿರಲಿಲ್ಲ. ಅವಳ ಬೆರಳು ನನಗಿಂತ ಹಗುರ ಎಂದು ನನಗೆ ಗೊತ್ತಿತ್ತು. ಕಟಿಂಗ್ ಕಲಿತರೆ ಹೊರಟುಹೋಗುತ್ತಾಳೆ. ಹೋಗದಿದ್ದರೆ ನನ್ನ ಗಿರಾಕಿಗಳು ಅವಳನ್ನೇ ಕೇಳುತ್ತಾರೆ. ಎರಡೂ ನನಗೆ ಬೇಕಿರಲಿಲ್ಲ.

ಆ ಹೊತ್ತಿಗೆ ವಿಜಯನಗರದ ಬೊಟಿಕ್ ಒಂದರಲ್ಲಿ ಕಟಿಂಗ್‌ಗೆ ಜನ ಬೇಕೆಂದು, ಮೊದಲು ಟ್ರಯಲ್‌ಗೆ ಒಂದು ಬ್ಲೌಸ್ ಕತ್ತರಿಸಿ ತೋರಿಸಬೇಕೆಂದು ಗೊತ್ತಾಯಿತು. ತಂಗಿಗೆ ಆಸೆ ಹುಟ್ಟಿತು.

"ಅಕ್ಕ, ಟ್ರಯಲ್‌ಗೆ ಮುಂಚೆ ತೋಳು ಕಟಿಂಗ್ ಒಂದ್ಸಲ ಹೇಳ್ಕೊಡೇ."

"ದಿನಾ ನೋಡ್ತಾ ಇದೀಯಲ್ಲ, ಕತ್ತರಿ ಹಿಡಿದ್ರೆ ತಾನಾಗೇ ಬರುತ್ತೆ ಹೋಗು."

ಮತ್ತೆ ಕೇಳಿದಳು. ಮದುವೆ ಆರ್ಡರ್ ಇದೆ ಎಂದೆ. ಮೂರನೆಯ ಸಲ ಕೇಳಿದಾಗ ತಲೆನೋವು ಎಂದೆ. ತಾನಾಗಿ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಟ್ರಯಲ್ ದಿನ ಸಂಜೆ ಅವಳು ಮುಖ ಊದಿಸಿಕೊಂಡು ಬಂದಳು. ರೇಷ್ಮೆ ಬ್ಲೌಸ್ ಪೀಸ್ ಕೊಟ್ಟಿದ್ದರಂತೆ. ತೋಳಿಗೆ ಮುಂದುಗಡೆ ತಿರುವು ಆಳ, ಹಿಂದುಗಡೆ ಕಡಿಮೆ. ಒಂದು ತೋಳು ಕತ್ತರಿಸಿದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಇವಳು ಮಗುಚಿರಲಿಲ್ಲ. ಎರಡೂ ಎಡತೋಳೇ ಆಗಿದ್ದವು. ರೇಷ್ಮೆಗೆ ಒಳಮೈ ಹೊರಮೈ ಬೇರೆ, ತಿರುಗಿಸಿ ಹೊಲಿಯುವಂತೆಯೂ ಇಲ್ಲ.

"ಎಲ್ರ ಮುಂದೆ ಎತ್ತಿ ತೋರಿಸಿದ್ರು ಕಣೇ ಆ ಬೊಟಿಕ್ ಆಂಟಿ. 'ಎರಡೂ ಎಡಗೈ ಇರೋ ಕಸ್ಟಮರ್‌ನ ನೀನೇ ಹುಡುಕ್ಕೊಂಡ್ ಬಾಮ್ಮ' ಅಂದ್ರು."

ಆಗ ನನಗೆ ಮೊದಲು ಆದದ್ದು ಸಮಾಧಾನ. ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಮರುವಾರ ಎಂದಿನಂತೆ ಧಾರಾವಾಹಿ ಓದಿದಳು. ನಾಯಕಿ ಈ ಸಲ ಫ್ಲೈಓವರ್ ಒಂದನ್ನೇ ಉರುಳಿಸಿದ್ದಳು.

"ಥೂ, ದಂಡಪಿಂಡ!" ಎಂದೆ. "ಇಷ್ಟು ವಾರ ಆಯ್ತು, ಒಂದು ವಿದ್ಯೆ ನೆಟ್ಟಗೆ ಕಲಿತಿಲ್ಲ."

ತಂಗಿ ಪತ್ರಿಕೆಯನ್ನು ಮಡಿಲಿಗೆ ಇಳಿಸಿದಳು. "ಅವಳು ಕೇಳಿದ್ಲಲ್ಲಕ್ಕ. ಆ ಮಂತ್ರ ಗೊತ್ತಿರೋ ಅಜ್ಜಿ ಮನೆಗೆ ಹೋಗಿ ಹೋಗಿ ಕೇಳಿದ್ಲು. ಆ ಅಜ್ಜಿ ಬರೀ 'ಕಾಲ ಬರಲಿ' ಅಂತಾಳೆ. ಬೈಯೋದಾದ್ರೆ ಅಜ್ಜೀಗೆ ಬೈಯಿ."

ನನ್ನನ್ನು ಚುಚ್ಚಲೆಂದು ಹೇಳಿದ್ದಲ್ಲ ಅದು. ಮತ್ತೆ ಸೂಜಿ ಎತ್ತಿಕೊಂಡಿದ್ದಳು. ನನಗೆ ಮಾತ್ರ ಅದು ನಾಟಿತು. ಅಷ್ಟು ದಿನ ನಾನು ಕಥೆಯಲ್ಲಿ ಬೈಯಬೇಕಾದವಳನ್ನು ಬಿಟ್ಟು ಇನ್ನೊಬ್ಬಳಿಗೆ ಬೈದಿದ್ದೆ.

ಕರೆಂಟ್ ಬರುವುದನ್ನೂ ಕಾಯದೆ ಎದ್ದು ಕಟಿಂಗ್ ಮೇಜನ್ನು ಖಾಲಿ ಮಾಡಿದೆ. "ಬಾ ಇಲ್ಲಿ," ಎಂದೆ. "ಹಳೇ ಪೇಪರ್ ಎಲ್ಲ ತಗೊಂಡ್ ಬಾ."

ಅಂದಿನಿಂದ ದಿನಾ ಮಧ್ಯಾಹ್ನ ಅವಳು ಕಾಗದ ಕತ್ತರಿಸಿದಳು. ದಿನಪತ್ರಿಕೆ ಮುಗಿದಾಗ ಧಾರಾವಾಹಿಯ ಹಳೆಯ ಸಂಚಿಕೆಗಳೂ ತೋಳು, ಕುತ್ತಿಗೆ, ಎದೆಭಾಗಕ್ಕೆ ಬಟ್ಟಲಿನಂತೆ ಕೂರುವ ಕಟೋರಿಗಳಾದವು. ಭೂತಗಳು, ಪಿಶಾಚಿಗಳು ಎಲ್ಲ ಕತ್ತರಿಗೆ ಸಿಕ್ಕವು. ನಾನು ಬೈದೆ, ಅವಳು ತಿರುಗಿ ಬೈದಳು. ಕಾಗದದಿಂದ ಹಳೆಯ ಪಂಚೆಗೆ, ಪಂಚೆಯಿಂದ ಲೈನಿಂಗ್ ಬಟ್ಟೆಗೆ ಬಂದೆವು. ಬಟ್ಟೆಯ ಎಳೆ ಯಾವ ಕಡೆ ಓಡುತ್ತದೆ, ಬಾರ್ಡರ್ ಎಲ್ಲಿ ಕೂರಬೇಕು, ಹೊಲಿಗೆಗೆ ಎಷ್ಟು ಬಿಡಬೇಕು, ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಏನೂ ಮುಚ್ಚಿಡಲಿಲ್ಲ. ಕೊನೆಗೆ ನನ್ನದೇ ರೇಷ್ಮೆ ಪೀಸ್ ಮುಂದಿಟ್ಟೆ. ಅವಳ ಕತ್ತರಿ ಗೆರೆ ಬಿಟ್ಟು ಹೋಗಲಿಲ್ಲ.

ಎರಡನೆಯ ಟ್ರಯಲ್‌ಗೆ ನಾನೂ ಹೋದೆ. ಬೊಟಿಕ್‌ನ ಆಂಟಿ ಅವಳನ್ನು ನೋಡಿದವರೇ ನಕ್ಕರು.

"ಏನಮ್ಮ, ಆ ಎರಡೆಡಗೈಯವಳು ಸಿಕ್ಕಿದ್ಲಾ?"

"ಇಲ್ಲ ಆಂಟಿ. ಅದಕ್ಕೇ ಈ ಸಲ ಬಲಗೈಗೂ ಕಟ್ ಮಾಡೋಣ ಅಂತ ಬಂದೆ."

ಹೊಲಿಯುತ್ತಿದ್ದವರೆಲ್ಲ ನಕ್ಕರು. ಆಂಟಿಯೂ ನಗು ತಡೆಯಲಾರದೆ ಕಟೋರಿ ಬ್ಲೌಸ್‌ಗೆ ಬಟ್ಟೆ ಕೊಟ್ಟರು. ನನ್ನ ತಂಗಿ ಅವಸರ ಮಾಡಲಿಲ್ಲ. ಬಟ್ಟೆಯನ್ನು ಸವರಿ ಎಳೆ ನೋಡಿದಳು, ಚಾಕ್ ಎಳೆದಳು, ಕಾಗದವನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಮಗುಚಿ ಹಾಕಿದಳು. ಕತ್ತರಿಸಿದ ತುಂಡುಗಳನ್ನು ಆಂಟಿ ಒಂದರ ಮೇಲೊಂದಿಟ್ಟು ನೋಡಿದರು. ಅಂಚಿಗೆ ಅಂಚು ಕೂತಿತ್ತು.

"ಸೋಮವಾರದಿಂದ ಬಾ," ಎಂದರು. "ಯಾರು ಕಲಿಸಿದ್ದು?"

"ನಮ್ಮಕ್ಕ," ಎಂದು ಅವಳು ಬಾಗಿಲ ಬಳಿ ನಿಂತಿದ್ದ ನನ್ನನ್ನು ತೋರಿಸಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಮೊದಲನೇ ಸಲ ನಾನು ಬೇಕೂಂತಲೇ ಹೇಳ್ಕೊಡ್ಲಿಲ್ಲ ಕಣೇ," ಎಂದೆ.

"ಗೊತ್ತು."

"ಗೊತ್ತಾ?"

"ನೀನು ಕತ್ತರೀನ ಬೀರುವಿನಲ್ಲಿಟ್ಟು ಬೀಗ ಹಾಕ್ತಿದ್ದೆ. ಯಾವ ಟೈಲರ್ ಕತ್ತರಿಗೆ ಬೀಗ ಹಾಕ್ತಾಳಕ್ಕ?" ಎಂದು ಕಿಟಕಿಯ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವೂ ಇತ್ತು. "ನಾಳೆಯಿಂದ ನಿನ್ನ ಹುಕ್ಸ್ ನೀನೇ ಹಾಕ್ಕೋ. ನಾನು ಕಟಿಂಗ್ ಮಾಸ್ಟರು."

"ಹಾಕ್ಕೋತೀನಿ ಮಾಸ್ಟ್ರೇ," ಎಂದೆ, ಇಡೀ ಬಸ್ಸಿಗೆ ಕೇಳುವಂತೆ.