ಲಾರಿ ತಿರುಗದ ಓಣಿಗೆ ನೀರು

ನಾನು ಚಿಕ್ಕವನಿದ್ದಾಗ ದೊಮ್ಮಲೂರು ಇನ್ನೂ ಹಳ್ಳಿಯೇ. ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಹೆಂಚಿನ ಮನೆಗಳು. ಒಬ್ಬರ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು. ಅಪ್ಪ ಸೊಪ್ಪು ಬೆಳೆಯುತ್ತಿದ್ದ ಹೊಲ ಹೊಸ ಬಡಾವಣೆಗೆ ಹೋಯಿತು. ಅಲ್ಲಿ ರಸ್ತೆಗಳು ಅಗಲ, ನೇರ. ಮನೆಗಳು ಏಳುವ ಮೊದಲೇ ಅಲ್ಲಿಗೆ ನಲ್ಲಿ ಬಂತು. ಹೊಲ ಕೊಟ್ಟ ನಮಗೆ ಮಾತ್ರ ಕೆಸರು ಬಾವಿಯೇ ಗತಿ! ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ.

ನೀರು ತರುವ ಕೆಲಸ ಅಕ್ಕನದು. ಬಾವಿಯ ಬಳಿ ಕಾದು ಕಾದು ಅವಳು ಶಾಲೆ ತಲುಪುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. "ಇನ್ನು ಸ್ಕೂಲ್ ಬಿಡಿಸ್ಬಿಡೋಣ" ಎಂದು ಅಮ್ಮ ಅಂದದ್ದು ಅವಳ ಕಿವಿಗೂ ಬಿದ್ದಿತ್ತು.

ನಲ್ಲಿ ಹಾಕಿಸಲು ಅಪ್ಪ ನೀರಿನ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಮೇಲೆ, ಒಂದು ಬೆಳಿಗ್ಗೆ ಪೈಪ್ ತುಂಬಿದ ಲಾರಿ ಓಣಿಯ ಬಾಯಿಗೆ ಬಂದು ನಿಂತಿತು. ಅಧಿಕಾರಿ ಇಳಿದು ನೋಡಿ ಆಗದೆಂದು ತಲೆಯಾಡಿಸಿದರು. "ಲಾರಿ ಒಳಗೆ ತಿರುಗಲ್ಲ. ಮುಂದಿನ ಮನೆಗಳನ್ನ ಒಡೆದು ದಾರಿ ಅಗಲ ಮಾಡ್ಕೊಡಿ, ಆಮೇಲೆ ನೋಡೋಣ." ಮೊದಲ ಮನೆ ನಮ್ಮದೇ.

ಅಕ್ಕ ಬಿಂದಿಗೆಯನ್ನು ಠಣ್ ಎಂದು ನೆಲಕ್ಕಿಟ್ಟಳು. "ಮದುವೆ ಬೀರುಗಳೇ ಈ ಓಣಿಲಿ ಹೆಗಲ ಮೇಲೆ ಬರ್ತವೆ ಸಾರ್, ಪೈಪ್ ಬರಲ್ವಾ? ಮನೆ ಒಡೆಯಲ್ಲ. ಲಾರಿ ಇಲ್ಲೇ ಇರ್ಲಿ, ನಾವ್ ಹೊರ್ತೀವಿ!"

ಅಷ್ಟೇ ಸಾಕಾಯಿತು. ಗಂಡಸರು ಪಂಚೆ ಎತ್ತಿ ಕಟ್ಟಿದರು, ಹೆಂಗಸರು ಸೆರಗು ಸಿಕ್ಕಿಸಿದರು. ಬಿಸಿಲಿಗೆ ಕಾದ ಕಬ್ಬಿಣ ಹೆಗಲು ಸುಡುತ್ತಿತ್ತು. ತಿರುವು ಬಂದಾಗ ಹಿಂದಿನವರು ಬಗ್ಗಿ, ಮುಂದಿನವರು ಕೈಯೆತ್ತಿ, ಪೈಪನ್ನು ಓರೆ ಮಾಡಿ ದಾಟಿಸಿದರು. "ಹೀಗೆಲ್ಲ ರೂಲ್ಸ್‌ನಲ್ಲಿ ಇಲ್ಲ" ಎಂದು ಅಧಿಕಾರಿ ಗೊಣಗಿದರು. ಅಮ್ಮ ಮಜ್ಜಿಗೆ ಕೊಟ್ಟು, "ನೆರಳಲ್ಲಿ ಕೂತ್ಕೊಳ್ಳಿ ಸಾರ್, ಆಗ್ಹೋಗುತ್ತೆ" ಎಂದರು. ಗುದ್ದಲಿ ಹಿಡಿದು ಓಣಿಯುದ್ದಕ್ಕೂ ನಾವೇ ಅಗೆದೆವು. ಪೈಪ್ ಜೋಡಿಸದೆ ಅಧಿಕಾರಿಗೂ ಬೇರೆ ದಾರಿ ಉಳಿಯಲಿಲ್ಲ. ಆ ವಾರವೇ ನಲ್ಲಿ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿನೀರು ಸುರಿಸಿತು. ಅಕ್ಕನ ಶಾಲೆ ಬಿಡಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮಕ್ಕಳೇ, ನೀವು ಈಗ ಊರಂಚಿನಲ್ಲಿ, ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಆಚೆ, ಮುಗಿಲೆತ್ತರದ ಫ್ಲಾಟಿನಲ್ಲಿದ್ದೀರಿ. ನಿಮ್ಮ ರಸ್ತೆಯಲ್ಲಿ ಲಾರಿ ಧಾರಾಳವಾಗಿ ತಿರುಗುತ್ತದೆ, ನೀರೂ ಲಾರಿಯಲ್ಲೇ ಬರುತ್ತದೆ. ಪೈಪ್ ಮಾತ್ರ ಇನ್ನೂ ಬಂದಿಲ್ಲ. ನಮಗೆ ಓಣಿ ಕಿರಿದು ಎಂದರು, ನಿಮಗೆ ಊರು ದೂರ ಎನ್ನುತ್ತಾರೆ. ನೆಪಕ್ಕೇನು ಬರವೇ? ಭಾನುವಾರ ನೀರಿನ ಬಗ್ಗೆ ಮೀಟಿಂಗ್ ಇದೆಯಂತೆ, ಮಕ್ಕಳು ಬರಬಾರದಂತೆ. ನಡೆಯಿರಿ, ಮುಂದಿನ ಸಾಲಿನಲ್ಲೇ ಕೂರೋಣ. ಎಬ್ಬಿಸಲು ಬರುವವರು ಮೊದಲು ಈ ತಾತನನ್ನು ಎಬ್ಬಿಸಲಿ, ನೋಡೋಣ.