ವಾಸನೆಯ ಕಾಲಂ

ಧಾನ್ಯ ತಪಾಸಣೆಯ ನಮ್ಮ ಫಾರಂನಲ್ಲಿ ಹಲವು ಕಾಲಂಗಳಿವೆ. ತೇವ ಎಷ್ಟು, ಮುರಿದ ಕಾಳು ಎಷ್ಟು, ಹುಳ ಎಷ್ಟು, ಮಣ್ಣು ಕಲ್ಲು ಎಷ್ಟು ಎಂದು ಬರೆಯುವುದಕ್ಕೆ ಯಂತ್ರ, ಜರಡಿ, ತಕ್ಕಡಿ ಎಲ್ಲವನ್ನೂ ಕಚೇರಿ ಕೊಟ್ಟಿದೆ. ಮೊದಲ ಕಾಲಂಗೆ ಮಾತ್ರ ಏನನ್ನೂ ಕೊಟ್ಟಿಲ್ಲ. ಅದು ವಾಸನೆಯದು. ಅದನ್ನು ತುಂಬಲು ತಪಾಸಣೆ ಮಾಡುವವನು ತನ್ನ ಮೂಗನ್ನು ಮನೆಯಿಂದಲೇ ತರಬೇಕು.

ನನಗೆ ಆ ಮೂಗಿನ ಬಗ್ಗೆ ಭಾರೀ ಹಮ್ಮಿತ್ತು. ಅದು ಅಪ್ಪನಿಂದ ಬಂದದ್ದು. ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದ ಅಪ್ಪ ಬೇಗಂ ಬಜಾರಿನ ಒಂದು ಬೇಳೆ ಅಂಗಡಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದರು. ಕಾಳನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳ ಸಂದಿಯಿಂದ ಬಾಯಿಯ ಬಿಸಿ ಉಸಿರು ಬಿಟ್ಟು, ಆಮೇಲೆ ಮೂಸಬೇಕು ಎಂದು ಅವರೇ ಕಲಿಸಿದ್ದು. ಬಿಸಿ ತಾಗಿದರೆ ಕಾಳು ತನ್ನ ಹಳೆಯ ಕಥೆಯನ್ನೆಲ್ಲ ಹೇಳುತ್ತದೆ ಅನ್ನುತ್ತಿದ್ದರು. ಎಲ್ಲಿ ಮಳೆಗೆ ನೆನೆದಿತ್ತು, ಯಾವ ಸೀಮೆ ಎಣ್ಣೆಯ ಡಬ್ಬದ ಪಕ್ಕ ಕೂತಿತ್ತು ಎಂಬುದೆಲ್ಲ ನನಗೂ ತಿಳಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಮಾಡಿದ ಸಾರನ್ನು ಮೂಸಿಯೇ ಹಿಂಗು ಹೆಚ್ಚಾಯಿತು ಎಂದು ಹೇಳಿ ಬೈಸಿಕೊಂಡಿದ್ದೇನೆ. ಬೇರೆಯವರ ಕೆಲಸದಲ್ಲಿ ಮೂಗು ತೂರಿಸುವುದು ನಿಮ್ಮ ಮನೆತನದ ಕಸುಬು ಎಂದು ಅವಳು ಆಗ ಕಟ್ಟಿದ ಹೆಸರು ಇವತ್ತಿಗೂ ಹೋಗಿಲ್ಲ.

ನಾನು ಕೆಲಸ ಮಾಡುವ ಗೂಡ್ಸ್ ಶೆಡ್ಡಿನ ಹೆಸರು ಇಲ್ಲಿ ಬೇಡ. ಲಿಂಗಂಪಲ್ಲಿಯ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಉತ್ತರದಿಂದ ಗೋಧಿ ಹೊತ್ತ ಗೂಡ್ಸ್ ಗಾಡಿ ಅಲ್ಲಿಗೆ ಬರುತ್ತದೆ. ನಲವತ್ತಕ್ಕೂ ಹೆಚ್ಚು ವ್ಯಾಗನ್. ಇಂತಿಷ್ಟು ಹೊತ್ತಿನಲ್ಲಿ ಖಾಲಿ ಮಾಡಬೇಕೆಂಬ ರೈಲ್ವೆಯ ಗಡುವು ಇರುವುದರಿಂದ ಎಲ್ಲರಿಗೂ ಅವಸರ. ವ್ಯಾಗನ್ನಿನ ಸೀಲು ಒಡೆದು ಬಾಗಿಲು ಸರಿಸಿದ ಮೇಲೆ ಮೊದಲು ನಾನು ತಲೆ ಒಳಗಿಟ್ಟು ಮೂಸಬೇಕು. ಆಮೇಲೆ ಪರ್ಖಿ ಹಿಡಿಯಬೇಕು. ಪರ್ಖಿ ಎಂದರೆ ಮೊನೆಯಿರುವ ಟೊಳ್ಳು ಕೊಳವೆ. ಚೀಲಕ್ಕೆ ಚುಚ್ಚಿದರೆ ಹೊಟ್ಟೆಯೊಳಗಿನ ಕಾಳು ಕೊಳವೆಯೊಳಗಿಂದ ಜಾರಿ ಅಂಗೈಗೆ ಬೀಳುತ್ತದೆ. ಅಲ್ಲೊಂದು ಇಲ್ಲೊಂದು ಚೀಲದಿಂದ ತೆಗೆದದ್ದನ್ನು ತಟ್ಟೆಯಲ್ಲಿ ಕೂಡಿಸಿ, ಬಟ್ಟೆಯ ಸಣ್ಣ ಚೀಲಕ್ಕೆ ತುಂಬಿ, ಚೀಟಿ ಕಟ್ಟುತ್ತೇವೆ. ನಾನು ಮೂಸಿ "ಏನೂ ಇಲ್ಲ" ಎನ್ನುವವರೆಗೆ ಹಮಾಲರು ಒಳಗೆ ಕಾಲಿಡುವುದಿಲ್ಲ. ಇದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನಾನು ಅಲ್ಲಿಗೆ ಹೋಗುವ ಮೊದಲಿನಿಂದಲೂ ಹಾಗೇ ನಡೆದುಕೊಂಡು ಬಂದಿದೆ. ಹುಳ ಸಾಯಲೆಂದು ಚೀಲಗಳ ನಡುವೆ ಇಡುವ ಗುಳಿಗೆಗೆ ಮನುಷ್ಯರೂ ಸಾಯುತ್ತಾರೆ. ಅದರ ವಿಷಗಾಳಿ ಕೊಳೆತ ಬೆಳ್ಳುಳ್ಳಿಯಂತೆ ನಾರುತ್ತದೆ. ರೈಲಿಗೆ ತುಂಬುವಾಗ ಗುಳಿಗೆ ಇಡಬಾರದು. ಆದರೆ ಇಡುವ ಪುಣ್ಯಾತ್ಮರು ಕೇಳಿ ಇಡುವುದಿಲ್ಲ.

ಕೊರೋನಾ ಎರಡನೆಯ ಸಲ ಬಂದಾಗ ನಾನೂ ಮಲಗಿದೆ. ಜ್ವರ ಇಳಿಯಿತು, ಕೆಮ್ಮು ಹೋಯಿತು, ವಾಸನೆ ಬರಲಿಲ್ಲ. ಬರುತ್ತದೆ, ಸ್ವಲ್ಪ ಕಾಯಿರಿ ಎಂದರು ಡಾಕ್ಟರು. ಒಂದು ಬೆಳಿಗ್ಗೆ ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದೆ. ಹೆಂಡತಿ ಮಹಡಿಯಿಂದ ಓಡಿ ಬಂದಳು.

"ಹಾಲು ಹೊತ್ತು ಮನಿ ತುಂಬ ನಾರಾಕತ್ತೈತಿ. ನಿಮಗ ಗೊತ್ತಾಗಲಿಲ್ಲೇನ್ರಿ?"

ಅವಳು ಹೊತ್ತ ಪಾತ್ರೆಯನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಕಚೇರಿಯಲ್ಲಿ ಹೇಳಿಬಿಡಿ ಎಂದಳು. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಳಿದರೆ ಶೆಡ್ಡಿನಿಂದ ತೆಗೆದು ಕಾಗದ ಜೋಡಿಸುವ ಮೂಲೆಗೆ ಕೂರಿಸುತ್ತಾರೆ. ಇಪ್ಪತ್ತು ವರ್ಷ ಇವನ ಮೂಗು ಇವನ ಮೂಗು ಎಂದು ಹೊಗಳಿಸಿಕೊಂಡವನಿಗೆ ಅದು ಸಾವಿಗಿಂತ ಕಡೆ ಎನಿಸಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಪ್ರತಿ ವ್ಯಾಗನ್ನಿಗೂ ತಲೆ ಹಾಕಿ, ಉಸಿರೆಳೆದು, ಮೊದಲ ಕಾಲಂನಲ್ಲಿ 'ಚೆನ್ನಾಗಿದೆ' ಎಂದು ಬರೆಯತೊಡಗಿದೆ.

ಕಣ್ಣು ಮುಚ್ಚಿದ್ದು ಬೆಕ್ಕು ಮಾತ್ರ. ನಮ್ಮ ಹಮಾಲರ ಮೇಸ್ತ್ರಿ ನೋಡುತ್ತಲೇ ಇದ್ದರು. ರಾಯಚೂರು ಕಡೆಯವರು, ಅರವತ್ತರ ಹತ್ತಿರದವರು. ಇಡೀ ಶೆಡ್ಡಿನಲ್ಲಿ ನಾವಿಬ್ಬರೇ ಕನ್ನಡದಲ್ಲಿ ಮಾತಾಡುವವರು. ಉಳಿದಂತೆ ತೆಲುಗು, ಹಿಂದಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು. ಒಂದು ದಿನ ನಾನು 'ಚೆನ್ನಾಗಿದೆ' ಎಂದು ಬರೆದ ವ್ಯಾಗನ್ನಿನಿಂದ ಒಂದು ಹಿಡಿ ಗೋಧಿ ತಂದು ನನ್ನ ತಟ್ಟೆಗೆ ಹಾಕಿದರು. ತಗಡು ಸೋರಿದಂತೆ ಕಾಣುತ್ತದೆ, ಇನ್ನೊಮ್ಮೆ ನೋಡಿರಿ ಎಂದರು. ನೋಡಿದೆ. ಕಾಳು ಒಂದಕ್ಕೊಂದು ಅಂಟಿ ಗೂಡು ಕಟ್ಟಿತ್ತು. ಮುಗ್ಗಲು ಹಿಡಿದು ವಾರವಾಗಿರಬೇಕು.  ನಾನು ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದೆ.

ಮುಂದಿನ ಗಾಡಿಯಿಂದ ಬಾಗಿಲು ಸರಿಸುವಾಗಲೆಲ್ಲ ಅವರು ನನ್ನ ಪಕ್ಕದಲ್ಲಿ ಇರತೊಡಗಿದರು. ನನ್ನ ಜೊತೆಗೇ ಬಗ್ಗುತ್ತಿದ್ದರು. ಸರಿಯಿದ್ದರೆ ಹೆಗಲ ಮೇಲಿನ ವಲ್ಲಿ ಬಟ್ಟೆ ಹೆಗಲ ಮೇಲೇ ಇರುತ್ತಿತ್ತು. ಮುಗ್ಗಲೋ ಎಣ್ಣೆಯೋ ಇದ್ದರೆ ಅದರಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಗುಳಿಗೆಯ ನಾತವಿದ್ದರೆ ಎರಡೂ ಬಾಗಿಲು ತೆಗೆಸಿ, ಚಹಾ ಕುಡಿದು ಬರೋಣ ಎಂದು ಎಲ್ಲರನ್ನೂ ದೂರ ಕರೆದೊಯ್ಯುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಇದರ ಬಗ್ಗೆ ನಮ್ಮಿಬ್ಬರ ನಡುವೆ ಒಂದು ಮಾತೂ ಆಗಿಲ್ಲ. ಧನ್ಯವಾದ ಹೇಳಬೇಕಾದರೆ ಮೊದಲು ತಪ್ಪು ಒಪ್ಪಬೇಕಿತ್ತು. ನಾನು ಎರಡನ್ನೂ ಮಾಡಲಿಲ್ಲ.

ಆ ದಿನ ಬೆಳಗಿನ ಹತ್ತು ಗಂಟೆ ಇರಬಹುದು. ಗಾಡಿಯ ಕೊನೆಯ ವ್ಯಾಗನ್ನಿನ ಬಾಗಿಲು ಕಚ್ಚಿಕೊಂಡಿತ್ತೆಂದು ಮೇಸ್ತ್ರಿ ಹಾರೆ ಹಿಡಿದು ಆ ಕಡೆ ಹೋಗಿದ್ದರು. ಈ ಕಡೆ ನಾಲ್ವರು ಹಮಾಲರು ಒಂದು ವ್ಯಾಗನ್ನಿನ ಬಾಗಿಲು ಸರಿಸಿ ನನಗಾಗಿ ಕಾದು ನಿಂತರು. ಮೇಸ್ತ್ರಿ ಬರಲಿ ಎನ್ನಬಹುದಿತ್ತು. ಸಾಹೇಬರಿಗೆ ಮೂಸುವುದಕ್ಕೆ ಮೇಸ್ತ್ರಿ ಯಾಕೆ ಬೇಕು ಎಂದು ಯಾರಾದರೂ ಅಂದುಕೊಂಡಾರು ಎಂಬ ಅಳುಕು. ಗಡುವಿನ ಅವಸರ ಬೇರೆ. ತಲೆ ಒಳಗಿಟ್ಟೆ. ಎಂದಿನಂತೆ ದೊಡ್ಡದಾಗಿ ಉಸಿರೆಳೆದೆ. "ಏನೂ ಇಲ್ಲ, ಹತ್ತಿ" ಎಂದು ತೆಲುಗಿನಲ್ಲಿ ಹೇಳಿದೆ.

ಮುಂದಿದ್ದವನು ಮಹಬೂಬ್‌ನಗರ ಕಡೆಯವನು. ನಲವತ್ತು ದಾಟಿದ ಗಟ್ಟಿ ಆಳು, ಮಾತು ಕಡಿಮೆ. ಹತ್ತಿ ಒಳಸಾಲಿನ ಚೀಲ ಎಳೆಯಲು ಹೋದ. ನಾನು ಬಾಗಿಲಿಗೆ ಒರಗಿ ಚೀಟಿಗಳ ಮೇಲೆ ನಂಬರು ಬರೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವನು ಬಾಗಿಲಿಗೆ ಬಂದು ಎದೆ ಹಿಡಿದುಕೊಂಡ, ವಾಂತಿ ಮಾಡಿದ, ಪ್ಲಾಟ್‌ಫಾರಂ ಮೇಲೆ ಬಿದ್ದ. ಕೂಗು ಕೇಳಿ ಮೇಸ್ತ್ರಿ ಆ ತುದಿಯಿಂದ ಓಡಿ ಬಂದರು. ನಮ್ಮ ಹತ್ತಿರ ಬರುವ ಮೊದಲೇ, ಹತ್ತು ಹೆಜ್ಜೆ ಆಚೆಯೇ ನಿಂತು, ಗುಳಿಗೆ ಇದೆ, ಎಲ್ಲರೂ ಇಳಿಯಿರಿ ಎಂದು ಅರಚಿದರು. ಅಷ್ಟು ದೂರಕ್ಕೂ ಹೊಡೆಯುತ್ತಿತ್ತು ಆ ವಾಸನೆ. ನಾನು ಅದರ ಬಾಯಿಗೇ ಬೆನ್ನು ಕೊಟ್ಟು ನಿಂತಿದ್ದೆ.

ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಒಳಗೆ ಹೋದ ಇನ್ನೊಬ್ಬನಿಗೆ ತಲೆ ಸುತ್ತಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಂದರು. ಯಾರು ಹತ್ತಲು ಹೇಳಿದ್ದು ಎಂದು ಕೇಳಿದರು.  ನಾನು ಎಂದು ಹೇಳುವುದಕ್ಕೇ ಬಾಯಿ ತೆರೆದೆ ಎಂದು ಇವತ್ತಿಗೂ ನನ್ನನ್ನು ನಂಬಿಸಿಕೊಳ್ಳುತ್ತೇನೆ. ಆದರೆ ನನಗಿಂತ ಮೊದಲು ಮೇಸ್ತ್ರಿ ತಮ್ಮ ಹರಕು ಹಿಂದಿಯಲ್ಲಿ ಮಾತಾಡಿದರು. ಹತ್ತಿರಿ ಅಂದದ್ದು ತಾನು, ಸಾಹೇಬರು ಇನ್ನೂ ನೋಡಿರಲಿಲ್ಲ, ಅವಸರದಲ್ಲಿ ತನ್ನ ಮೂಗು ತಪ್ಪಿತು ಎಂದರು. ಅಲ್ಲಿದ್ದ ಹಮಾಲರಿಗೆ ಅದು ಸುಳ್ಳೆಂದು ಗೊತ್ತಿತ್ತು. ಮೇಸ್ತ್ರಿ ಆಡಿದ ಮಾತಿನ ಮೇಲೆ ಅವರು ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅವರನ್ನು ಮೇಸ್ತ್ರಿತನದಿಂದ ತೆಗೆದರು. ಮರುದಿನದಿಂದ, ಆ ವಯಸ್ಸಿನಲ್ಲಿ, ಐವತ್ತು ಕಿಲೋ ಚೀಲ ಬೆನ್ನ ಮೇಲೆ ಹೊರತೊಡಗಿದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ, ಆದ್ದರಿಂದ ನೋಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿದ್ದವನು ಬದುಕಿದ. ಅವನು ಮನೆಗೆ ಹೋದ ಸುದ್ದಿ ಬಂದಾಗ, ಎಲ್ಲ ಸರಿಹೋಯಿತಲ್ಲ, ಈಗ ಹೇಳಿ ಯಾರಿಗೇನು ಲಾಭ ಎಂದು ಒಳಗೊಳಗೇ ಲೆಕ್ಕ ಹಾಕಿದೆ. ಯಾವ ವ್ಯಾಗನ್ನಾದರೂ ಎರಡೂ ಬಾಗಿಲು ತೆಗೆಸಿ ಅರ್ಧ ಗಂಟೆ ಕಾಯಿಸುವುದನ್ನು ಶುರು ಮಾಡಿದೆ. ಸಾಹೇಬರು ಈಗ ಭಾರೀ ಎಚ್ಚರ ಎಂದು ಹೊಸ ಮೇಸ್ತ್ರಿ ಹೊಗಳಿದ. ಆ ಹೊಗಳಿಕೆಯನ್ನೂ ನುಂಗಿದೆ. ಮನೆಯಲ್ಲಿ ಹೆಂಡತಿ ತಟ್ಟೆ ತಂದು ಮುಂದಿಟ್ಟು ಒಳಗೆ ಹೋಗುತ್ತಿದ್ದಳು.

ಮೂರನೆಯ ವಾರ, ಊಟದ ಹೊತ್ತಿನಲ್ಲಿ, ಖಾಲಿ ಚೀಲಗಳ ರಾಶಿಯ ಮೇಲೆ ಹಳೆಯ ಮೇಸ್ತ್ರಿ ಒಬ್ಬರೇ ಕೂತು ರೊಟ್ಟಿ ಮುರಿಯುತ್ತಿದ್ದರು.   ಹೋಗಿ ಪಕ್ಕದಲ್ಲಿ ಕೂತೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು ರೊಟ್ಟಿಯನ್ನು ಬುತ್ತಿಯ ಬಟ್ಟೆಯ ಮೇಲಿಟ್ಟರು.

"ಎರಡು ವರ್ಷದಿಂದ ಮುಚ್ಚಿಟ್ಟಾವ ನಾನೂ ಹೌದಲ್ಲರಿ, ಸಾಹೇಬ್ರ. ಅದಕ್ಕ ಅವತ್ತು ನನ್ನ ಮ್ಯಾಲ ಹಾಕ್ಕೊಂಡೆ. ಮಂದಿ ಮುಂದ ನಿಮ್ಮ ಮರ್ಯಾದಿ ಹೋಗೋದು ಬ್ಯಾಡ, ಮರುದಿನ ನೀವ ಹೋಗಿ ಹೇಳತೀರಿ ಅಂತ ಮಾಡಿದ್ದೆ."

 ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಮೂಗು ಜ್ವರದಾಗ ಹೋತು, ಅದು ನಿಮ್ಮ ತಪ್ಪಲ್ಲ. ಬಾಯಿ ಯಾವ ಜ್ವರದಾಗ ಹೋತ್ರಿ?"

ಅಷ್ಟು ಹೇಳಿ ಅವರು ಮತ್ತೆ ಊಟಕ್ಕೆ ಕೈ ಹಾಕಿದರು. ಬೈದಿದ್ದರೆ ನಾನೂ ಏನಾದರೂ ಎದುರಾಡುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು.  ಎದ್ದು ನೇರವಾಗಿ ಮ್ಯಾನೇಜರರ ಕೋಣೆಗೆ ಹೋದೆ. ನಿಂತೇ ಹೇಳಿದೆ: ಎರಡು ವರ್ಷದಿಂದ ನನಗೆ ವಾಸನೆ ಬರುವುದಿಲ್ಲ, ಅವತ್ತು ಹತ್ತಿ ಎಂದದ್ದು ನಾನು, ಮೇಸ್ತ್ರಿ ಅಲ್ಲಿ ಇರಲೇ ಇಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದರು. ಬರೆದು ಕೊಡಿ ಎಂದರು. ಬರೆದು ಕೊಟ್ಟೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನನಗೆ ಸಿಕ್ಕ ಶಿಕ್ಷೆಯ ಬಗ್ಗೆ ದೂರಿಲ್ಲ. ನಾನು ಹೆದರಿದ್ದ ಕಾಗದದ ಮೂಲೆಯಲ್ಲೇ ಈಗ ಕೂತಿದ್ದೇನೆ. ಫ್ಯಾನ್ ಕೂಡ ಇದೆ. ಮೇಸ್ತ್ರಿಯನ್ನು ಮತ್ತೆ ಮೇಸ್ತ್ರಿ ಮಾಡಿದರು. ಆದರೆ ಆ ಮೂರು ವಾರದಲ್ಲಿ ಹಿಡಿದ ಸೊಂಟ ಅವರಿಗೆ ಇನ್ನೂ ಬಿಟ್ಟಿಲ್ಲ.

ಶೆಡ್ಡು ಬಿಡುವ ಮುಂಚೆ ಹಮಾಲರೆಲ್ಲರ ಮುಂದೆಯೂ ಹೇಳುತ್ತೇನೆ ಎಂದು ನಾನೇ ಮ್ಯಾನೇಜರರನ್ನು ಕೇಳಿಕೊಂಡೆ. ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಅವರು ಕೊಕ್ಕೆ ಹಿಡಿದು ಸಾಲಾಗಿ ನಿಂತಿದ್ದರು. ಬಿದ್ದವನು ಅದೇ ದಿನ ಕೆಲಸಕ್ಕೆ ಮರಳಿದ್ದ. ಮುಖ ಇಳಿದುಹೋಗಿತ್ತು, ಅಂಗಿ ದೊಗಳೆಯಾಗಿತ್ತು. ನಾನು ತೆಲುಗಿನಲ್ಲಿ ಹೇಳಬೇಕಾದದ್ದನ್ನು ಹೇಳಿ ಅವನ ಕಡೆ ತಿರುಗಿ ಕೈ ಮುಗಿದೆ. ಅವನು ಕಾರಿ ಉಗುಳಲಿ, ಕೊರಳಪಟ್ಟಿ ಹಿಡಿಯಲಿ ಎಂದೇ ಕಾಯುತ್ತಿದ್ದೆ.

ಅವನು ಹಾಗೇನೂ ಮಾಡಲಿಲ್ಲ. ನನ್ನನ್ನು ಸಮಾಧಾನಪಡಿಸುವವನ ಹಾಗೆ ಮೆಲ್ಲಗೆ ಹೇಳಿದ.

"ನನಗೆ ಅವತ್ತು ಒಳಗೆ ಕಾಲಿಡುವಾಗಲೇ ಆ ವಾಸನೆ ಬಂದಿತ್ತು, ಸಾರ್. ನೀವು ಏನೂ ಇಲ್ಲ ಅಂದಿರಲ್ಲ, ನನ್ನ ಮೂಗಿಗೇ ಏನೋ ಆಗಿದೆ ಅಂದುಕೊಂಡು ಹತ್ತಿದೆ."