ತಿರುಗಿ ನೋಡಿದಳೋ ಇಲ್ಲವೋ

ಈ ಕಥೆಯಲ್ಲಿ ಕತ್ತೆ ಯಾರು ಅಂತ ಕಡೆಗೆ ಹೇಳುವ ಬದಲು ಮೊದಲೇ ಹೇಳಿಬಿಡುತ್ತೇನೆ: ನಾನೇ. ಡಿಸ್ಕು ತರಿಸಿದವನು ನಾನು, ಅದನ್ನು ಯಾವ ಪೆಟ್ಟಿಗೆಗೆ ಹಾಕಬೇಕು ಅಂತ ಕೇಳದೆ ಹೋದವನೂ ನಾನೇ.

ಹೋದ ವಾರ ಸ್ಟೇಜಿನ ಕೋಟಿಗೆ ಜಿಪ್ಪು ಹಾಕಿಸಲು ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಗೆ ಹೋಗಿದ್ದೆ. ಅಲ್ಲಿಯವನು ಆಗಷ್ಟೇ ಮಿಷನ್ನಿಗೆ ಎಣ್ಣೆ ಬಿಟ್ಟು ತುಳಿಯುತ್ತಿದ್ದ. ಆ ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ... ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ನಮ್ಮ ಟೈಲರಕ್ಕನ ದನಿ ತಾನಾಗಿ ಹೊರಬಿತ್ತು. "ಲೇ, ನೆಟ್ಟಗ್ ನಿಂತ್ಕೊಳೋ! ಅಳತೆ ಕೊಡೋವಾಗ ಹೊಟ್ಟೆ ಒಳಕ್ಕೆಳ್ಕೊಂಡ್ರೆ ಉಂಡ ಮೇಲೆ ಹೊಲಿಗೆ ಬಿಡುತ್ತೆ!" ಅಂಗಡಿಯವನು ಬೆಚ್ಚಿ ತಲೆ ಎತ್ತಿದ. ಅವನಿಗಿಂತ ಹೆಚ್ಚು ಬೆಚ್ಚಿದ್ದು ನಾನು. ಅವಳು ಹೋದ ಮೇಲೆ ಆ ದನಿಯನ್ನು ನಾನು ತೆಗೆದೇ ಇರಲಿಲ್ಲ.

ನಾನು ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು. ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವನು, ನಿದ್ದೆಗಣ್ಣಲ್ಲೇ ಸೀಟಿ ಊದುವ ಕಂಡಕ್ಟರು, ನಮ್ಮ ಬೀದಿಯ ಮೂರು ಮಂದಿ ಅತ್ತೆಯರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಮನೆಯ ಯಜಮಾನನಿಗೇ ಜಾಗವಿಲ್ಲ. ಫೋನು ಮಾಡಿದರೆ ನಮ್ಮಮ್ಮ, "ಇವತ್ತು ಯಾರು ಮಾತಾಡ್ತಿರೋದು?" ಅಂತ ಕೇಳಿಯೇ ಮುಂದಿನ ಮಾತು.

ಟೈಲರಕ್ಕ ನಮ್ಮ ಪಕ್ಕದ ಮನೆಯವಳು. ನಡುವೆ ಒಂದೇ ಗೋಡೆ. ನಮ್ಮಮ್ಮನಿಗಿಂತ ದೊಡ್ಡವಳಾದರೂ ಇಡೀ ಬೀದಿಗೆ ಅಕ್ಕ. ಮದುವೆಯಾಗಿರಲಿಲ್ಲ. ಹುಟ್ಟಿ ಬೆಳೆದದ್ದು ಬೈರಕೂರಿನಲ್ಲಿ. ಅವಳು ಲಂಗ ತೊಡುತ್ತಿದ್ದ ಕಾಲಕ್ಕೆ ಅಲ್ಲಿನ ಟೆಂಟಿಗೆ ಒಂದು ಇಂಗ್ಲಿಷ್ ಸಿನಿಮಾ ತೆಲುಗು ಮಾತು ಹಾಕಿಸಿಕೊಂಡು ಬಂದಿತ್ತಂತೆ. ಅವಳೂ ಅವಳಕ್ಕನೂ ನೆಲದ ಮೇಲೆ ಕೂತು ನೋಡಿದ್ದರು. ಸಿನಿಮಾದಲ್ಲೂ ಅಕ್ಕ ತಂಗಿಯೇ. ಯಾವುದೋ ಗ್ರಹದಲ್ಲಿ ಸಿಕ್ಕಿಕೊಂಡಿರುತ್ತಾರೆ. ಎಲ್ಲಿ ನೋಡಿದರೂ ಕೆಂಪು ಮಣ್ಣು, ಬಂಡೆ, ನೀರಿಲ್ಲ. ನಮ್ಮ ಕಡೆಯವರಿಗೆ ಅದೇನೂ ದೂರದ ಊರು ಅನ್ನಿಸಿರಲಿಕ್ಕಿಲ್ಲ. ಹೊರಡಲು ಒಂದು ಹಡಗೇನೋ ಇದೆ, ಆದರೆ ಅದರ ಬಾಗಿಲನ್ನು ಹೊರಗಿನಿಂದಲೇ ಮುಚ್ಚಬೇಕು. ತಂಗಿ ಉಳಿಯುತ್ತಾಳೆ, ಅಕ್ಕ ಹತ್ತುತ್ತಾಳೆ. ಹಡಗು ಮೇಲೇಳುತ್ತದೆ, ಅದರ ಒಂದು ದುಂಡನೆಯ ಕಿಟಕಿ ಕಾಣುತ್ತದೆ, ಅಲ್ಲಿಗೆ ಶುಭಂ.

ಆ ಕಿಟಕಿಯಲ್ಲಿ ಅಕ್ಕ ತಿರುಗಿ ನೋಡಿದಳೋ ಇಲ್ಲವೋ? ಟೆಂಟಿನಿಂದ ಮನೆಯವರೆಗೂ ಇಬ್ಬರೂ ಅದಕ್ಕೇ ಜಗಳವಾಡಿದ್ದರು. ಅವಳಕ್ಕ "ತಿರಿಗಿ ಚೂಸಿಂದಿ", ನೋಡಿದಳು ಅಂತ, ಇವಳು "ಚೂಡಲೇದು", ನೋಡಲಿಲ್ಲ ಅಂತ. ಮನೆ ಬಾಗಿಲಲ್ಲಿ ಅಮ್ಮ ಇಬ್ಬರಿಗೂ ಒಂದೊಂದು ಕೊಟ್ಟಮೇಲೇ ಗ್ರಹದಿಂದ ಇಳಿದದ್ದು.

ಅದೇ ವರ್ಷ ಅಕ್ಕನನ್ನು ರಾಯಲ್ಪಾಡಿಗೆ ಕೊಟ್ಟರು. ಕಾಯಿಲೆಯ ಅಮ್ಮನ ಜೊತೆಗೆ ಇವಳು ಉಳಿದಳು. ಬಸ್ಸು ಹತ್ತಿಸಲು ರಸ್ತೆಯವರೆಗೂ ಹೋಗಿದ್ದಳಂತೆ. ಒಳಗೆ ಕಾಲಿಡಲು ಜಾಗವಿಲ್ಲ, ಹೊರಗೆ ಧೂಳು, ಅಕ್ಕನ ಕಿಟಕಿಯೇ ಕಾಣಲಿಲ್ಲ... ಅಷ್ಟೇ ಹೇಳಿ ಅವಳು ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಚೊಚ್ಚಲ ಹೆರಿಗೆಯಲ್ಲಿ ಅಕ್ಕ ತೀರಿಕೊಂಡಳು. ಮತ್ತೆ ಬೈರಕೂರಿಗೆ ಬರಲೇ ಇಲ್ಲ.

ನಾನು ಚಡ್ಡಿ ಹಾಕುತ್ತಿದ್ದಾಗ ಟೈಲರಕ್ಕನಿಗೆ ಕೋಲಾರದ ಫುಟ್‌ಪಾತಿನಲ್ಲಿ ಆ ಸಿನಿಮಾದ ಸಿ.ಡಿ. ಸಿಕ್ಕಿತ್ತು. ಅವಳು ರವಿಕೆ ಹೊಲಿಯುವಾಗ ಅದು ಓಡುತ್ತಿರಬೇಕು, ಪಕ್ಕದಲ್ಲಿ ಗುಂಡಿ ಆರಿಸಿಕೊಡುತ್ತಾ ನಾನು ಕೂತಿರಬೇಕು. ನನ್ನ ಮೊದಲ ಮಿಮಿಕ್ರಿ ಅಲ್ಲೇ ಹುಟ್ಟಿದ್ದು: ಆ ತೆಲುಗು ಅಕ್ಕ, ಆ ತೆಲುಗು ತಂಗಿ, ಮಾತಿಗೆ ಮುಂಚೆ ಗೊರಗೊರ ಅನ್ನುವ ರೋಬೋಟು, ಎಲ್ಲವೂ ಬಾಯಿಪಾಠ. ಆದರೆ ಕಡೆಯ ದೃಶ್ಯ ಬಂದರೆ ಚಿತ್ರ ಇಟ್ಟಿಗೆ ಇಟ್ಟಿಗೆಯಾಗಿ ಒಡೆದುಹೋಗುತ್ತಿತ್ತು. ಕಿಟಕಿ ಇರಬೇಕಾದ ಕಡೆ ಒಂದು ಮಸಿ ಮೆತ್ತಿದ ಚೌಕ. ಅವಳು ತುಳಿಯುವುದನ್ನು ನಿಲ್ಲಿಸಿ ಆ ಚೌಕವನ್ನೇ ನೋಡುತ್ತಿದ್ದಳು.

ಆ ಸಿನಿಮಾದ ಹಳೇ ರೀಲನ್ನು ತೊಳೆದು, ಕೂದಲೆಳೆಯೂ ಕಾಣುವ ಹಾಗೆ ಹೊಸ ಡಿಸ್ಕು ಬಿಡುತ್ತಾರೆ ಅಂತ ಫೋನಿನಲ್ಲಿ ಓದಿದ ದಿನ ನಾನು ಹಿತ್ತಲ ಗೋಡೆ ಹಾರಿಯೇ ಹೋಗಿ ಹೇಳಿದೆ. ಹಾರಬಾರದಿತ್ತು. ಅದೇ ತಿಂಗಳು ಕೋಲಾರದ ಕಣ್ಣಿನ ಡಾಕ್ಟರು ಅವಳಿಗೆ ಹೇಳಿದ್ದರು: ಸಕ್ಕರೆ ಕಾಯಿಲೆ ಒಂದು ಕಣ್ಣನ್ನು ತಿಂದು ಮುಗಿಸಿದೆ, ಇನ್ನೊಂದಕ್ಕೆ ಮಾಡುವುದನ್ನೆಲ್ಲ ಮಾಡುತ್ತಿದ್ದೇವೆ, ಎಷ್ಟು ದಿನ ಅಂತ ಮಾತ್ರ ಕೇಳಬೇಡಿ. ಅದನ್ನು ನನಗೆ ಹೇಳಿ ಅವಳು, "ಅಷ್ಟರೊಳ್ಗೆ ಬರುತ್ತೇನೋ?" ಅಂತ ಕೇಳಿದಳು.

"ಬಂದು, ನೀನೇ ಸೋತ್ರೆ ಏನ್ ಮಾಡ್ತೀಯ ಅಕ್ಕಾ?"

"ಸೋಲ್ಬೇಕು ಕಣೋ," ಅಂದಳು. "ನಾನ್ ಸೋಲ್ಲೇಬೇಕು. ಅವ್ಳು ನೋಡಿದ್ಲು ಅಂತ್ಲೇ ಆಗ್ಬೇಕು."

ಆಮೇಲೆ ಶುರುವಾಯಿತು ಕಾಯುವುದು. ಬೇಸಿಗೆಗೆ ಅಂದರು. ಬೇಸಿಗೆ ಬಂತು, ಡಿಸ್ಕು ಬರಲಿಲ್ಲ. ದಸರಾ ಹೊತ್ತಿಗೆ ಅಂದರು. ಅಷ್ಟರಲ್ಲಿ ಅವಳಿಗೆ ಸೂಜಿಗೆ ದಾರ ಪೋಣಿಸುವುದು ಕೈತಪ್ಪಿ, ಆ ಕೆಲಸ ನನ್ನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಗೋಡೆಯ ಆಚೆಯಿಂದ, "ಬಂತೇನೋ?" ನಾನು ಈಚೆಯಿಂದ ಮೂಗಿನಲ್ಲಿ ಕಂಪನಿಯವನ ದನಿ ತೆಗೆದು, "ಸಾರಿ ಮೇಡಂ, ನಿಮ್ಮ ರಾಕೆಟ್ಟು ನಂಗಲಿ ಹತ್ರ ಪಂಕ್ಚರ್ ಆಗಿದೆ, ಸ್ಟೆಪ್ನಿ ಇಲ್ಲ." ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ದಸರಾಕ್ಕೂ ಬರಲಿಲ್ಲ. ಮೂಲ ರೀಲಿನಲ್ಲಿ ಏನೋ ತೊಂದರೆಯಂತೆ. ಅವಳು ಕಪ್ಪು ರವಿಕೆಗೆ ನೀಲಿ ದಾರ ಹಾಕತೊಡಗಿದಳು, ಹುಕ್ಕುಗಳನ್ನು ಬೆನ್ನಿಗೆ ಕೂರಿಸಿದಳು, ಎದುರು ಮನೆಯವಳ ತೋಳನ್ನು ಮೂಲೆ ಮನೆಯವಳ ರವಿಕೆಗೆ ಜೋಡಿಸಿದಳು. ಒಬ್ಬಳೂ ಬೈಯಲಿಲ್ಲ. ಬಿಚ್ಚಿಸಿ ಬೇರೆ ಕಡೆ ಹೊಲಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು... ಆಮೇಲೆ ಬಟ್ಟೆ ಕೊಡುವುದನ್ನೇ ನಿಲ್ಲಿಸಿದರು.

ಒಂದು ಬೆಳಿಗ್ಗೆ ನಾನು ಎಂದಿನಂತೆ ಮೂಗಿನಲ್ಲಿ, "ಸಾರಿ ಮೇಡಂ" ಅಂದೆ. ಗೋಡೆಯ ಆಚೆ ನಗು ಬರಲಿಲ್ಲ. ಎದ್ದು ಹೋಗಿ ನೋಡಿದರೆ ಟೀವಿಯ ಮುಂದೆ, ಗಾಜಿಗೆ ಹಣೆ ಆನಿಸಿ ಕೂತಿದ್ದಳು. ಹಳೇ ಸಿ.ಡಿ.ಯ ಕಡೆಯ ದೃಶ್ಯವನ್ನು ನಿಲ್ಲಿಸಿಕೊಂಡು ಆ ಕರಿ ಚೌಕವನ್ನು ಬೆರಳಿನಿಂದ ಸವರುತ್ತಿದ್ದಳು, ಧೂಳು ಒರೆಸುವ ಹಾಗೆ. ಅಂದಿನಿಂದ ಕಂಪನಿಯವನನ್ನು ನನ್ನ ಗಂಟಲಿನಿಂದ ಖಾಲಿ ಮಾಡಿಸಿದೆ.

ಡಿಸ್ಕು ಬಂದಾಗ ಮಾವಿನ ಸುಗ್ಗಿ. ನೀಲಿ ಪ್ಲಾಸ್ಟಿಕ್ಕಿನ ತೆಳ್ಳನೆಯ ಡಬ್ಬಿ. ಅವಳು ಅದನ್ನು ಕೈಯಲ್ಲಿ ತೂಗಿ, ಮೂಸಿ, ದೇವರ ಗೂಡಿನ ಮುಂದಿಟ್ಟು ಕುಂಕುಮ ಹಚ್ಚಿದಳು. ಡಿಸ್ಕಿಗೇ ಹಚ್ಚಲು ಹೋದಾಗ ತಡೆದೆ. ಅವಳ ಹಳೇ ಪ್ಲೇಯರಿಗೆ ಹಾಕಿದೆ. ಅದು ಸ್ವಲ್ಪ ಹೊತ್ತು ಗುರುಗುಟ್ಟಿ, ಡಿಸ್ಕೇ ಇಲ್ಲ ಅಂತ ಬರೆದು ತೋರಿಸಿತು. ತೆಗೆದೆ, ಊದಿದೆ, ಬನಿಯನ್ನಿನಿಂದ ಒರೆಸಿದೆ. ಮತ್ತೆ ಇಲ್ಲ ಅಂತು. ಸಿ.ಡಿ. ಕಾಲದ ವಿದ್ಯೆ ನೆನಪಾಗಿ ಟೂತ್‌ಪೇಸ್ಟ್ ಹಚ್ಚಿ ಉಜ್ಜೋಣ ಅಂದೆ.

"ಹೊಸಾದಕ್ಕೆ ಪೇಸ್ಟ್ ಯಾಕ್ಲಾ? ಅದಕ್ಕೇನ್ ಹಲ್ಲಿದಾವಾ?" ಅಂದಳು.

ಕೋಲಾರಕ್ಕೆ ಓಡಿದೆ. ಟೀವಿ ಅಂಗಡಿಯವನು ಡಬ್ಬಿಯನ್ನು ತಿರುಗಿಸಿ ನೋಡಿ, "ಇದಕ್ಕೆ ಬೇರೇನೇ ಪ್ಲೇಯರ್ ಬೇಕು ಗುರು. ಈಗ ಯಾರ್ ಇಡ್ತಾರೆ ಅದನ್ನ? ಎಲ್ಲಾ ಫೋನಲ್ಲೇ ನೋಡ್ತಾರೆ" ಅಂದ. ಈ ಸಿನಿಮಾ ಯಾವ ಫೋನಿನಲ್ಲೂ ಇರಲಿಲ್ಲ. ಆನ್‌ಲೈನಿನಲ್ಲಿ ಆ ಪ್ಲೇಯರು ಹುಡುಕಿದರೆ, "ಸ್ಟಾಕು ಬಂದಾಗ ತಿಳಿಸುತ್ತೇವೆ" ಅಂತ ಬರುತ್ತಿತ್ತು. ಮಾಲೂರಿನವರೆಗೂ ಹೋಗಿ ಕೇಳಿ ಬಂದೆ. ಊರೂರು ಅಲೆಯುತ್ತಾ ನನ್ನನ್ನು ನಾನೇ, ಹರಾಜಿನವನ ದನಿಯಲ್ಲಿ, ಕೂಗಿ ಕೂಗಿ ಮಾರಿಕೊಂಡೆ: ಕತ್ತೆ, ಒಳ್ಳೇ ಕತ್ತೆ, ಯಾರಿಗ್ ಬೇಕ್ರೋ! ಅತ್ತ ಅವಳ ಕಣ್ಣಿಗೆ ಮುಖ ಹೋಗಿ ಬರೀ ನೆರಳು ಉಳಿದಿತ್ತು.

ವಿಡಿಯೋ ಗೇಮಿನ ಪೆಟ್ಟಿಗೆಯಲ್ಲಿ ಅದು ಓಡುತ್ತದೆ ಅಂದವನು ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವನು. ಶ್ರೀನಿವಾಸಪುರದ ಒಬ್ಬ ಮಾವಿನ ಮಂಡಿ ಯಜಮಾನರ ಹತ್ತಿರ ಅಂಥದ್ದಿತ್ತು. ಅದೂ ಮಕ್ಕಳಿಗಲ್ಲ, ಅವರಿಗೇ. ಬಿಳೀ ಪಂಚೆ, ಗಿರಿಜಾ ಮೀಸೆ, ಮಧ್ಯಾಹ್ನ ಊಟವಾದ ಮೇಲೆ ಫುಟ್‌ಬಾಲ್ ಆಟ. ಫೋನಿನಲ್ಲಿ ನಾನು ಹೇಳಿದ್ದನ್ನು ಕೇಳಿ, "ಕರ್ಕೊಂಡ್ ಬಾಪ್ಪಾ ಬೇಗ" ಅಂದರು.

ಬಸ್ಸಿನಲ್ಲಿ ಹೋದೆವು. ಮಂಡಿಯ ಮೇಲಿನ ಕೋಣೆಯಲ್ಲಿ ಯಜಮಾನರು ಪರದೆ ಎಳೆದು, "ಬಾಮ್ಮಾ, ಇಲ್ ಕೂತ್ಕೋ" ಅಂತ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಹಾಕಿದರು. ಡಿಸ್ಕಿನಲ್ಲಿ ತೆಲುಗು ಇರಲಿಲ್ಲ, ಬರೀ ಇಂಗ್ಲಿಷು. ದನಿ ಕಡಿಮೆ ಮಾಡಿಸಿ ಎಲ್ಲರ ಮಾತನ್ನೂ ನಾನೇ ಆಡಿದೆ. ಕೆಳಗಿನಿಂದ ಮಾವಿನ ವಾಸನೆ, ಹಮಾಲಿಗಳ ಕೂಗು. ಚಿತ್ರ ಎಷ್ಟು ನಿಚ್ಚಳವಾಗಿತ್ತೆಂದರೆ ಆ ಕೆಂಪು ಮಣ್ಣಿನ ಹರಳು ಹರಳೂ ಕಾಣುತ್ತಿತ್ತು. ನಾನು ಮಾತಾಡುತ್ತಲೇ ಓರೆಗಣ್ಣಿನಿಂದ ಅವಳನ್ನು ನೋಡಿದೆ. ಅವಳು ಟೀವಿಯ ಒಂದು ಪಕ್ಕಕ್ಕೆ, ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಅವಳಿಗೆ ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದೂ ಸರಿಯಾಗಿ ತಿಳಿಯುತ್ತಿರಲಿಲ್ಲ. ತಡವಾಗಿತ್ತು.

ಕಡೆಯ ದೃಶ್ಯ ಬಂತು. ಅಲ್ಲಿ ಮಾತಿಲ್ಲ. ನಾನೂ ಸುಮ್ಮನಾದೆ.

"ಬಂತಾ? ಕಿಟ್ಕಿ ಬಂತಾ?" ಅಂದಳು. "ನೋಡಿದ್ಲೇನೋ?"

ನಾನು ನೋಡಿದೆ. ಹಡಗನ್ನು ಮೇಲೆತ್ತುವ ದಾರ ಕಂಡಿತು. ಹಡಗು ರಟ್ಟಿನದು ಅಂತ ಕಂಡಿತು. ದುಂಡನೆಯ ಕಿಟಕಿಗೆ ಹಳದಿ ಕಾಗದ ಅಂಟಿಸಿ ಹಿಂದೆ ಒಂದು ದೀಪ ಇಟ್ಟಿದ್ದರು. ಒಳಗೆ ಅಕ್ಕ ಇರಲಿಲ್ಲ. ಯಾರೂ ಇರಲಿಲ್ಲ.

ನೋಡಿದಳು ಅಂತ ಹೇಳುವುದೇನು ಕಷ್ಟ? ಆ ತೆಲುಗು ಅಕ್ಕ ನನ್ನ ಗಂಟಲಲ್ಲೇ ಇದ್ದಳು. "ಚೆಲ್ಲೀ..." ಅಂತ, ತಂಗಿಯನ್ನು ಕರೆಯುವ ಅವಳ ದನಿ ತೆಗೆದೆ. ಟೈಲರಕ್ಕನ ಕೈ ಗಾಳಿಯಲ್ಲಿ ತಡಕಾಡಿ ನನ್ನ ಕುತ್ತಿಗೆಯನ್ನು ಹುಡುಕಿಕೊಂಡಿತು, ಕಾಲರಿನ ಅಳತೆ ತೆಗೆಯುವ ಹಾಗೆ. ಎರಡು ಬೆರಳು ಗಂಟಲ ಮೇಲಿಟ್ಟು, "ಅವ್ಳ್ ಗಂಟ್ಲು ಬೇಡ. ನಿಂದ್ರಲ್ಲಿ ಹೇಳು" ಅಂದಳು.

ಆ ಬೆರಳುಗಳ ಕೆಳಗೆ ಸುಳ್ಳು ಏಳಲಿಲ್ಲ. "ಕಿಟಕೀಲಿ ಯಾರೂ ಇಲ್ಲ ಅಕ್ಕಾ," ಅಂದೆ. "ಹಳದಿ ಕಾಗ್ದ. ಹಿಂದ್ಗಡೆ ದೀಪ ಹಚ್ಚಿಟ್ಟಿದಾರೆ, ಅಷ್ಟೆ." ನನ್ನ ದನಿ ಇಷ್ಟು ತೆಳ್ಳಗಿದೆ ಅಂತ ನನಗೆ ಅಂದೇ ಗೊತ್ತಾದದ್ದು.

ಯಜಮಾನರು ಎದ್ದು ಕೋಣೆಯ ಕಿಟಕಿಯ ಕಡೆ ಹೋಗಿ ನಿಂತರು. ಅವಳು ಕೈ ತೆಗೆದಳು. ಸಂಜೆಯ ಬಸ್ಸಿಗೆ ವಾಪಸು ಬಂದೆವು.

ಮುಂದಿನ ಸುಗ್ಗಿಗೆ ಅವಳಿರಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗಷ್ಟೇ ನಿಲ್ಲಲಿಲ್ಲ... ಅವಳ ಮಿಷನ್ನನ್ನು ಯಾರೋ ಕೊಂಡುಹೋದರು. ನೀಲಿ ಡಬ್ಬಿ ನನ್ನ ಟ್ರಂಕಿನಲ್ಲಿದೆ, ಕುಂಕುಮ ಹಾಗೇ ಇದೆ. ಹಾಕಿ ನೋಡಲು ಈಗಲೂ ನನ್ನ ಹತ್ತಿರ ಪೆಟ್ಟಿಗೆ ಇಲ್ಲ. ಬೆಳಿಗ್ಗೆ ಹೊತ್ತು ಗೋಡೆಯ ಆಚೆ ಸದ್ದಾದರೆ ಮೂಗು ತಾನಾಗಿ ಬಿಗಿಯುತ್ತದೆ. ಕೇಳುವವರಿಲ್ಲ.

ಹೋದ ವಾರ ಆ ಅಂಗಡಿಯಲ್ಲಿ ಅವಳ ದನಿ ಬಾಯಿಗೆ ಬಂದದ್ದರಿಂದ, ಶ್ರೀನಿವಾಸಪುರಕ್ಕೆ ಹೋದ ದಿನ ಬಸ್ಸಿಳಿದು ನನ್ನ ತೋಳು ಹಿಡಿದು ಮನೆಯ ಮೆಟ್ಟಿಲವರೆಗೂ ಬಂದ ಮೇಲೆ ಅವಳು ಆಡಿದ ಮಾತನ್ನೂ ಅದೇ ದನಿಯಲ್ಲಿ, ಯಾರೂ ಇಲ್ಲದ ಕಡೆ ನಿಂತು, ಒಮ್ಮೆ ಆಡಿ ನೋಡಿದೆ. ಅವತ್ತು ನಾನು, "ತಪ್ಪಾಯ್ತು ಅಕ್ಕಾ, ನಿಜ ಹೇಳ್ಬಾರ್ದಿತ್ತು. ಕಿಟಕೀಲಿ ಯಾರೂ ಇಲ್ದಿದ್ರೂ ಇದಾಳೆ ಅಂದುಬಿಡ್ಬೇಕಿತ್ತು" ಅಂದಿದ್ದೆ. ಅವಳು ನನ್ನ ತೋಳಿಗೆ ಚಿವುಟಿದಳು.

"ಯಾರೂ ಇಲ್ದಿರೋ ಮನೇಲಿ ದೀಪ ಹಚ್ತಾರೇನೋ ಪೆದ್ದ? ಕಣ್ಣು ಹೋಗಿರೋದು ನಂಗಾ, ನಿಂಗಾ?"